ಪದ ಹೊರಗಿನದು, ಕಟ್ಟು ಕನ್ನಡದ್ದು

ಚರ್ಚ್‌ಗೇಟಿನಿಂದ ಉತ್ತರಕ್ಕೆ ಹೊರಟ ಲೋಕಲ್ ಬೊರಿವಲಿ ದಾಟಿದ ಮೇಲೆ ಬರುವ ಸ್ಟೇಷನ್ ದಹಿಸರ್. ಮುಂಬಯಿ ಮಹಾನಗರಪಾಲಿಕೆಯ ಎಲ್ಲೆ ಅಲ್ಲಿಗೆ ಮುಗಿಯುತ್ತದೆ. ಮುಂದಿನ ಮೀರಾ ರೋಡ್ ಠಾಣೆ ಜಿಲ್ಲೆಯದು. ಕನ್ನಡ, ತುಳು, ಕೊಂಕಣಿ ಮನೆಮಾತಿನ ಎಷ್ಟೋ ಕುಟುಂಬಗಳು ಈ ಕೊನೆಯ ಉಪನಗರದವರೆಗೂ ಬಂದು ನೆಲೆಸಿವೆ. ಅಂಥ ಮನೆಯೊಂದರಲ್ಲಿ ಯಾವ ಸಂಜೆಯಾದರೂ ಫೋನಿನಲ್ಲಿ ಕೇಳಿಬರಬಹುದಾದ ಒಂದು ಮಾತನ್ನು ತೆಗೆದುಕೊಳ್ಳೋಣ:

“ಫಾಸ್ಟ್ ಲೋಕಲ್ ಕ್ಯಾನ್ಸಲ್ ಆಗಿದೆಯಂತೆ, ಬೊರಿವಲಿಗೆ ಹೋಗಿ ಚೇಂಜ್ ಮಾಡ್ಕೊಂಡು ಬರ್ತೀನಿ ಅಂತ ಅಜ್ಜಿಗೆ ಹೇಳು.”

ಊರಿನಿಂದ ಬಂದ ನೆಂಟರು ಇದನ್ನು ಕೇಳಿದರೆ ನಗುತ್ತಾರೆ, ಇಲ್ಲವೇ ಬೇಸರಪಡುತ್ತಾರೆ. ಫಾಸ್ಟು, ಲೋಕಲ್ಲು, ಕ್ಯಾನ್ಸಲ್ಲು, ಚೇಂಜು. ಇದರಲ್ಲಿ ಕನ್ನಡ ಎಲ್ಲಿದೆ ಎಂದು ಕೇಳುತ್ತಾರೆ. ಈಗ ಇನ್ನೊಂದು ವಾಕ್ಯ: “ಅವನು ಅಜ್ಜಿಗೆ ಹೇಳಿದ ಕಿ ನಾನು ನಾಳೆ ಬರ್ತೀನಿ.” ಇದರಲ್ಲಿ ಹೊರಗಿನ ಪದ ಒಂದೇ ಒಂದು, ಅದೂ ಒಂದೇ ಅಕ್ಷರದ್ದು. ಪದಗಳನ್ನು ಎಣಿಸಿ ಅಂಕ ಕೊಡುವುದಾದರೆ ಎರಡನೆಯದೇ ಗೆಲ್ಲಬೇಕು. ಆದರೆ ಕನ್ನಡದ ಕಿವಿಗೆ ಕಲ್ಲು ಸಿಕ್ಕಂತಾಗುವುದು ಎರಡನೆಯದರಲ್ಲೇ. ಮೊದಲ ವಾಕ್ಯದಲ್ಲಿ ಸಾಮಾನು ಹೊರಗಿನದು, ಮೂಟೆ ಕಟ್ಟಿದ ಹಗ್ಗ ಕನ್ನಡದ್ದು. ಎರಡನೆಯದರಲ್ಲಿ ಸಾಮಾನೆಲ್ಲ ಮನೆಯದು, ಹಗ್ಗ ಬೇರೆ.

ಆ ಹಗ್ಗ ಯಾವುದು ಎಂದು ನೋಡಲು ಮೊದಲ ವಾಕ್ಯವನ್ನು ಬಿಚ್ಚಬೇಕು. ಅದು ಸಾಲಾಗಿ ಜೋಡಿಸಿಟ್ಟ ಹನ್ನೆರಡು ಪದಗಳಲ್ಲ. ‘ಬೊರಿವಲಿಗೆ ಹೋಗಿ’ ಒಂದು ಕಂತೆ, ‘ಚೇಂಜ್ ಮಾಡ್ಕೊಂಡು’ ಇನ್ನೊಂದು. ಎರಡೂ ಸೇರಿ ‘ಬರ್ತೀನಿ’ಗೆ ಕಟ್ಟಿಕೊಳ್ಳುತ್ತವೆ. ಹಾಗೆ ಕಟ್ಟಿದ ದೊಡ್ಡ ಕಂತೆಯನ್ನೇ ‘ಅಂತ’ ಎಂಬ ಸಣ್ಣ ಪದ ಎತ್ತಿ ‘ಹೇಳು’ ಎಂಬುದರ ಕೈಗೆ ಕೊಡುತ್ತದೆ. ‘ಅಜ್ಜಿಗೆ’ ಎಂಬಲ್ಲಿ ‘ಊರಿಂದ ಮೊನ್ನೆ ಬಂದಿರೋ ಅಜ್ಜಿಗೆ’ ಎಂದಿಟ್ಟರೂ ವಾಕ್ಯ ಅಲುಗುವುದಿಲ್ಲ, ಏಕೆಂದರೆ ಒಂದು ಪದ ಕೂರುವ ಜಾಗದಲ್ಲಿ ಇಡೀ ಕಂತೆ ಕೂರಬಲ್ಲದು. ಭಾಷಾವಿಜ್ಞಾನದಲ್ಲಿ ಇದಕ್ಕೆ ಪದಪುಂಜ ಎಂಬ ಹೆಸರಿದೆ. ಕಂತೆಯೊಳಗೆ ಕಂತೆ, ಅದರೊಳಗೆ ಇನ್ನೊಂದು. ವಾಕ್ಯವೆಂದರೆ ಇಷ್ಟೇ, ಮತ್ತು ಇದಿಷ್ಟೂ.

ಪದಗಳು ಹೇಗೆ ಕೂಡಿ ಒಂದಾಗುತ್ತವೆ ಎಂಬ ಪ್ರಶ್ನೆ ಭಾರತದಲ್ಲಿ ಬಹಳ ಹಳೆಯದು. ಪಾಣಿನಿ ತನ್ನ ಎರಡನೆಯ ಅಧ್ಯಾಯವನ್ನು ಶುರುಮಾಡುವುದೇ ಅರ್ಥಸಂಬಂಧವಿರುವ ಪದಗಳ ನಡುವೆ ಮಾತ್ರ ಪದವಿಧಿ ನಡೆಯುತ್ತದೆ ಎಂಬ ಸೂತ್ರದಿಂದ. ಮೀಮಾಂಸಕರು ಮತ್ತು ನೈಯಾಯಿಕರು ಇನ್ನೂ ಬಿಡಿಸಿ ಹೇಳಿದರು: ಪದಗಳು ವಾಕ್ಯವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕು. ‘ಹಸು ಕುದುರೆ ಮನುಷ್ಯ ಆನೆ’ ಎಂದರೆ ವಾಕ್ಯವಾಗುವುದಿಲ್ಲ, ಒಂದು ಪದಕ್ಕೆ ಇನ್ನೊಂದರ ಹಸಿವಿಲ್ಲ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂದರೆ ಹಸಿವಿದೆ, ಯೋಗ್ಯತೆಯಿಲ್ಲ. ಒಂದು ಪದವನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಹೇಳಿದರೆ ಸನ್ನಿಧಿಯಿಲ್ಲ. ಭರ್ತೃಹರಿಯಂತೂ ‘ವಾಕ್ಯಪದೀಯ’ದಲ್ಲಿ ವಾಕ್ಯವೇ ಅಖಂಡ, ಪದಗಳು ನಾವು ಅನುಕೂಲಕ್ಕೆ ಕತ್ತರಿಸಿಕೊಂಡ ಚೂರುಗಳು ಎಂಬವರೆಗೂ ಹೋದ.

ಇಷ್ಟು ಶ್ರೀಮಂತ ಚರ್ಚೆಯ ಪಕ್ಕದಲ್ಲೇ ಬೆಳೆದ ಕನ್ನಡ ವ್ಯಾಕರಣ ವಾಕ್ಯದ ವಿಷಯದಲ್ಲಿ ಮಿತಭಾಷಿ. ಕೇಶಿರಾಜ ಸುಮಾರು 1260ರಲ್ಲಿ ಬರೆದ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳು ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ. ವಾಕ್ಯಕ್ಕೆ ಪ್ರಕರಣವಿಲ್ಲ. ಗ್ರಂಥದ ಹೆಸರಲ್ಲೇ ಶಬ್ದವಿದೆಯಲ್ಲ, ತಪ್ಪು ಹುಡುಕುವಂತಿಲ್ಲ. ಸಂಸ್ಕೃತದ ಮಾದರಿಯಲ್ಲಿ ಪದಪದಗಳ ನಂಟೆಲ್ಲ ವಿಭಕ್ತಿಯಲ್ಲೇ ಅಡಗಿರುವುದರಿಂದ ವಿಭಕ್ತಿ ಹೇಳಿದರೆ ವಾಕ್ಯ ಹೇಳಿದಂತೆಯೇ ಎಂಬ ನಂಬಿಕೆ ಇದ್ದಿರಬೇಕು. ಪದಗಳು ಕೂಡುವ ಸಂಗತಿ ನೇರವಾಗಿ ಚರ್ಚೆಗೆ ಬಂದದ್ದು ಒಂದೇ ಜಾಗದಲ್ಲಿ, ಸಮಾಸದಲ್ಲಿ. ಕನ್ನಡದವರ ಹಳೆಯ ಆತಂಕವೂ ಅಲ್ಲೇ ಕುದಿಯುತ್ತದೆ.

ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಸಮಾಸ ಮಾಡಬಾರದು ಎಂಬುದು ಆ ಆತಂಕ. 9ನೆಯ ಶತಮಾನದ ‘ಕವಿರಾಜಮಾರ್ಗ’ಕ್ಕೆ ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಕಂಡಿತು. ಮುಳುಗುಂದದ ನಯಸೇನ 12ನೆಯ ಶತಮಾನದ ಆರಂಭದಲ್ಲಿ ‘ಧರ್ಮಾಮೃತ’ ಬರೆಯುವಾಗ ತುಪ್ಪಕ್ಕೆ ಎಣ್ಣೆ ಬೆರೆಸುವ ಮಾತೆತ್ತಿದ. ಇಂಥ ಬೆರಕೆಗೆ ವ್ಯಾಕರಣ ಕೊಟ್ಟ ಹೆಸರು ಇನ್ನೂ ಖಾರ: ಅರಿಸಮಾಸ, ಎಂದರೆ ಶತ್ರುಗಳ ಕೂಟ. ಶಾಲೆಯಲ್ಲಿ ಅಂಕಕ್ಕಾಗಿ ಉರುಹೊಡೆದವರಿಗೂ ಈ ಹೆಸರು ಮರೆತಿರುವುದಿಲ್ಲ.

ಆದರೆ ಆ ಪಾಠದ ಕೊನೆಯಲ್ಲೊಂದು ಸಣ್ಣ ಸಾಲು ಇರುತ್ತಿತ್ತು. ಗಮಕ ಸಮಾಸ, ಕ್ರಿಯಾ ಸಮಾಸಗಳಿಗೆ ಈ ದೋಷ ತಟ್ಟುವುದಿಲ್ಲ. ಕ್ರಿಯಾ ಸಮಾಸವೆಂದರೆ ನಾಮಪದದ ಮುಂದೆ ಕ್ರಿಯಾಪದ ಬಂದು ಕೂಡುವುದು: ಕೈಮುಗಿ, ಮೈಮರೆ, ಕಣ್ತೆರೆ. ಗೋಡೆ ಕಟ್ಟಿದವರೇ ಅದರಲ್ಲೊಂದು ಬಾಗಿಲು ಬಿಟ್ಟಿದ್ದರು, ಮತ್ತು ಆ ಬಾಗಿಲಿನಲ್ಲಿ ಬಂದಷ್ಟು ಜನ ಕನ್ನಡಕ್ಕೆ ಬೇರೆಲ್ಲಿಂದಲೂ ಬಂದಂತಿಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುವ ‘ರಾಜ್ಯಂಗೆಯ್’ ಎಂಬುದನ್ನೇ ನೋಡಿ. ರಾಜ್ಯ ಸಂಸ್ಕೃತದ್ದು, ಗೆಯ್ ಕನ್ನಡದ್ದು. ಸುಲ್ತಾನರ, ಪೇಶ್ವೆಯರ ಕಚೇರಿಗಳ ಕಾಲಕ್ಕೆ ಅದೇ ಬಾಗಿಲಿನಲ್ಲಿ ಖರ್ಚು ಮಾಡು, ಜಮಾ ಮಾಡು, ರದ್ದು ಮಾಡು, ಮಂಜೂರು ಮಾಡು ಒಳಬಂದವು. ಆಮೇಲೆ ಪಾಸ್ ಮಾಡು, ಫೋನ್ ಮಾಡು, ಪ್ಯಾಕ್ ಮಾಡು. ತಾನಾಗಿ ನಡೆದದ್ದಕ್ಕೆ ‘ಮಾಡು’ ಬದಲು ‘ಆಗು’: ಖರ್ಚಾಯಿತು, ರದ್ದಾಯಿತು, ಕ್ಯಾನ್ಸಲ್ ಆಯಿತು. ದಹಿಸರಿನ ಆ ವಾಕ್ಯದ ‘ಕ್ಯಾನ್ಸಲ್ ಆಗಿದೆ’ಯೂ ‘ಚೇಂಜ್ ಮಾಡ್ಕೊಂಡು’ವೂ ಇದೇ ವಂಶದವು. ಸಾವಿರ ವರ್ಷದಲ್ಲಿ ಮುಂದಿನ ಪದ ಮೂರು ಸಲ ಬದಲಾಗಿದೆ. ಹಿಂದಿನ ಕ್ರಿಯಾಪದವೂ, ಅದು ಕೊನೆಗೇ ಬರಬೇಕೆಂಬ ನಿಯಮವೂ ಕದಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ಸುಮಾರು 450ರದೆಂದು ಎಣಿಸುವ ಹಲ್ಮಿಡಿ ಶಾಸನದಲ್ಲಿ ಸಂಸ್ಕೃತದ ಭಾರ ಎಷ್ಟಿದೆಯೆಂದರೆ ಸಾಲುಗಟ್ಟಲೆ ಸಂಸ್ಕೃತ ಸಮಾಸಗಳೇ ನಡೆಯುತ್ತವೆ. ಆದರೆ ಎರಡು ಊರುಗಳನ್ನು ದತ್ತಿ ಬಿಡುವ ಹೊತ್ತಿಗೆ ‘ಕೊಟ್ಟಾರ್’ ಎಂಬ ಅಪ್ಪಟ ಕನ್ನಡ ಕ್ರಿಯೆ ಬಂದು ಎಲ್ಲವನ್ನೂ ಕಟ್ಟುತ್ತದೆ. ಪದಗಳ ಲೆಕ್ಕದಲ್ಲಿ ಕನ್ನಡ ಅಂದೂ ಕಲಬೆರಕೆಯೇ. ಇವತ್ತು ಮುಂಬಯಿಯವರ ಕನ್ನಡ ಕೆಟ್ಟಿತು ಎನ್ನುವವರು ಹಲ್ಮಿಡಿಯ ಕಲ್ಲಿನ ಮುಂದೆ ನಿಂತೂ ಅದನ್ನೇ ಹೇಳಬೇಕಾಗುತ್ತದೆ.

ಹಾಗಾದರೆ ಕಟ್ಟು ಬದಲಾಗುವುದೇ ಇಲ್ಲವೇ? ಆಗುತ್ತದೆ, ಮತ್ತು ಅದು ಹೇಗೆಂದು ಜಗತ್ತಿಗೆ ತೋರಿಸಿದ್ದು ಕನ್ನಡದ ಗಡಿಯ ಒಂದು ಹಳ್ಳಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು ಆ ಊರಿನ ಬಗ್ಗೆ ಬರೆದ ಪ್ರಬಂಧ 1971ರಲ್ಲಿ ಪ್ರಕಟವಾಯಿತು. ಭಾಷೆಗಳ ಸಂಪರ್ಕದ ಬಗ್ಗೆ ಓದುವವರು ಎಲ್ಲಿದ್ದರೂ ಆ ಹಳ್ಳಿಯ ಹೆಸರು ಕೇಳಿರುತ್ತಾರೆ. ಊರಲ್ಲಿ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ ಆಡುತ್ತಿದ್ದರು. ಮುಸ್ಲಿಮರದು ಉರ್ದು, ದಲಿತರದು ಮರಾಠಿ. ಹಗ್ಗ ಹೊಸೆಯುವ ಕೆಲವು ಮನೆಗಳಲ್ಲಿ ತೆಲುಗು. ಬೀದಿಗೆ ಬಂದರೆ, ಒಬ್ಬರ ಜೊತೆ ಇನ್ನೊಬ್ಬರು ಮಾತಾಡಲು ಮರಾಠಿ. ಹೀಗೆ ಶತಮಾನಗಳ ಕಾಲ ಗಂಡಸರು ಎರಡು ಮೂರು ಭಾಷೆಗಳಲ್ಲಿ ದಿನ ಕಳೆದದ್ದರ ಫಲವೇನು ಎಂದು ನೋಡಿದರೆ, ಪದಗಳು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಉಳಿದಿದ್ದವು, ವಾಕ್ಯದ ಕಟ್ಟು ಒಂದಾಗಿತ್ತು.

ಗಡಿಯಲ್ಲಿ ಓಡಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ‘ಕಾಯಿಪಲ್ಯ ತೊಳೆದು ತಗೊಂಡು ಬಾ’ ಎನ್ನಿ. ಮರಾಠಿಯಲ್ಲಿ ‘ಭಾಜಿ ಧುವೂನ್ ಘೇವೂನ್ ಯೇ’. ಅಲ್ಲಿನ ಉರ್ದುವಿನ ಧಾಟಿಯಲ್ಲಿ ‘ತರ್ಕಾರಿ ಧೋ ಕೆ ಲೇ ಕೆ ಆ’. ತೊಳೆ-ದು, ಧು-ಊನ್, ಧೋ-ಕೆ: ಪದಕ್ಕೆ ಪದ, ತುಂಡಿಗೆ ತುಂಡು. ಒಂದರ ಮೇಲೊಂದಿಟ್ಟರೆ ಅಂಚೂ ಆಚೀಚೆ ಆಗುವುದಿಲ್ಲ. ಕುಪ್ವಾರಿನ ಮೂರು ಭಾಷೆಗಳಿಗೂ ವ್ಯಾಕರಣ ಒಂದೇ, ನಿಘಂಟು ಮಾತ್ರ ಮೂರು ಎನ್ನುವಷ್ಟು ದೂರ ಆ ಪ್ರಬಂಧ ಹೋಯಿತು.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಉರ್ದುವಿನಲ್ಲಿ ನದಿ ಸ್ತ್ರೀಲಿಂಗ; ನದಿ ‘ಬಂದಳು’ ಎಂಬಂತೆ ಕ್ರಿಯಾಪದ ಹೊಂದಿಕೊಳ್ಳಬೇಕು. ಕುಪ್ವಾರಿನ ಉರ್ದು ಆ ಲಿಂಗವ್ಯವಸ್ಥೆಯನ್ನು ಬಿಟ್ಟು ಕನ್ನಡದ ದಾರಿ ಹಿಡಿದಿತ್ತು: ಗಂಡುಹೆಣ್ಣಿನ ಭೇದ ಮನುಷ್ಯರಿಗೆ ಮಾತ್ರ, ಉಳಿದದ್ದಕ್ಕೆ ಇಲ್ಲ. ಕನ್ನಡವೂ ಸುಮ್ಮನಿರಲಿಲ್ಲ. ‘ಇದು ನಮ್ಮ ಮನೆ’ ಎಂದರೆ ಕನ್ನಡದಲ್ಲಿ ಮುಗಿಯಿತು, ಕ್ರಿಯಾಪದ ಬೇಡ. ಮರಾಠಿಗೆ ‘ಆಹೇ’, ಉರ್ದುವಿಗೆ ‘ಹೈ’ ಬೇಕು. ಕುಪ್ವಾರಿನ ಕನ್ನಡ ಆ ಖಾಲಿ ಜಾಗವನ್ನೂ ತುಂಬಿ ‘ಇದ ನಮ್ಮ ಮನಿ ಐತಿ’ ಎಂಬ ಧಾಟಿಗೆ ಬಂದಿತ್ತು. ‘ಐತಿ’ ಅಪ್ಪಟ ಕನ್ನಡ ಪದ. ಅದು ಕೂತ ಜಾಗ ಕನ್ನಡದ್ದಲ್ಲ. ಪದಗಳನ್ನು ಕಾಯುವ ಯಾವ ಪಹರೆಯವನಿಗೂ ಇದು ಸಿಕ್ಕಿಬೀಳುವುದಿಲ್ಲ.

ಪದ ಉಳಿದು ಕಟ್ಟು ಯಾಕೆ ಕರಗಿತು? ಆ ಇಬ್ಬರು ಕೊಟ್ಟ ಕಾರಣ ವ್ಯಾಕರಣದ್ದಲ್ಲ, ಊರಿನದು. ಮನೆಯೊಳಗಿನ ಬದುಕು, ಬೀದಿಯ ಬದುಕು ಎಂದು ಎರಡನ್ನು ಜಾತಿಗಳು ಕಟ್ಟುನಿಟ್ಟಾಗಿ ಬೇರೆ ಇಟ್ಟಿದ್ದವು. ಮನೆಮಾತು ತಾವು ಯಾರೆಂಬುದರ ಗುರುತು, ಅದನ್ನು ಬಿಡುವಂತಿಲ್ಲ. ಗುರುತು ಕಾಣುವುದು ಪದಗಳಲ್ಲಿ. ಕಟ್ಟನ್ನು ಯಾರೂ ಗುರುತೆಂದು ನೋಡುವುದಿಲ್ಲವಾದ್ದರಿಂದ ದಿನಕ್ಕೆ ಹತ್ತು ಸಲ ಭಾಷೆ ಬದಲಿಸುವ ನಾಲಿಗೆ ಅಲ್ಲಿ ಶ್ರಮ ಉಳಿಸಿಕೊಂಡಿತು.

ಕುಪ್ವಾರಿನ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ತೀರಾ ಚೆಂದವಾಗಿಬಿಡುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ನಲವತ್ತು ವರ್ಷಗಳ ನಂತರದ ಕುಪ್ವಾರನ್ನು ಅಧ್ಯಯನ ಮಾಡಿ, ತುಂಡಿಗೆ ತುಂಡು ಹೊಂದುತ್ತದೆ ಎಂಬ ಹಳೆಯ ಚಿತ್ರವನ್ನೇ ಪ್ರಶ್ನಿಸಿದರು. ನಡುವೆ ಊರೂ ಬದಲಾಗಿತ್ತು, ಮರಾಠಿಯ ಹಿಡಿತವೂ ಬಿಗಿಯಾಗಿತ್ತು. ಹಲವು ಭಾಷೆಗಳು ಪಕ್ಕಪಕ್ಕ ಬಾಳುವ ಸ್ಥಿತಿ ತಾನಾಗಿ ಮುಂದುವರಿಯುವುದಿಲ್ಲ. ಅದಕ್ಕೆ ಬೇಕಾದದ್ದು ವ್ಯಾಕರಣಕ್ಕಿಂತ ಹೆಚ್ಚಾಗಿ ಶಾಲೆ, ಕೆಲಸ, ಮದುವೆ.

ಕನ್ನಡದ ಕಟ್ಟು ಎಂದು ಇಲ್ಲಿ ಸಲೀಸಾಗಿ ಹೇಳುತ್ತಿರುವುದಕ್ಕೂ ಒಂದು ತಕರಾರು ಇದೆ. ‘ಅಂತ’ ಅಥವಾ ‘ಎಂದು’ವನ್ನು ತೆಗೆದುಕೊಳ್ಳಿ. ‘ಅನ್ನು’, ‘ಎನ್ನು’ ಎಂಬ ಕ್ರಿಯೆಯಿಂದ ಬಂದ ಪದ, ಇನ್ನೊಬ್ಬರ ಮಾತನ್ನು ಹೊತ್ತು ತಂದು ಕ್ರಿಯಾಪದದ ಮುಂದಿಡುತ್ತದೆ. ತುಳುವಿನಲ್ಲಿ ‘ಪಂಡ್‌ದ್’ ಇದೇ ಕೆಲಸ ಮಾಡುತ್ತದೆ, ತೆಲುಗಿನಲ್ಲಿ ‘ಅನಿ’. ಇವು ಒಂದೇ ಮನೆತನದವು, ಸರಿ. ಆದರೆ ಮರಾಠಿಯ ‘ಮ್ಹಣೂನ್’ ಎಂದರೂ ‘ಅಂದು’ ಎಂದೇ, ದಖನಿ ಉರ್ದುವಿನ ‘ಬೋಲ್ ಕೆ’ಯೂ ಅದೇ. ಸಂಸ್ಕೃತದ ‘ಇತಿ’ ಕೂಡ ಉದ್ಧರಿಸಿದ ಮಾತಿನ ಹಿಂದೆಯೇ ನಿಲ್ಲುತ್ತದೆ. ಮರ್ರೇ ಎಮೆನೋ 1956ರಲ್ಲಿ ಭಾರತವೇ ಒಂದು ಭಾಷಾವಲಯ ಎಂದು ವಾದಿಸಿದ. ಎಫ್. ಬಿ. ಜೆ. ಕುಯಿಪರ್ 1967ರಲ್ಲಿ ‘ಇತಿ’ಯ ಈ ಬಳಕೆಯ ಹಿಂದೆಯೂ, ‘ಹೋಗಿ, ಮಾಡಿ, ಬಂದು’ ಎಂಬಂಥ ಕ್ರಿಯೆಗಳ ಸರಪಳಿಯ ಹಿಂದೆಯೂ ದ್ರಾವಿಡದ ಪ್ರಭಾವ ಕಂಡ. ಎಲ್ಲರೂ ಒಪ್ಪಿದ ಮಾತಲ್ಲ ಇದು. ವಾದ ಇನ್ನೂ ಇದೆ. ಆದರೆ ಯಾರು ಯಾರಿಗೆ ಕೊಟ್ಟರೆಂಬುದು ಏನೇ ಇರಲಿ, ದಹಿಸರಿನ ಕನ್ನಡದ ಮನೆಯೂ ಪಕ್ಕದ ಮರಾಠಿ ಮನೆಯೂ ವಾಕ್ಯವನ್ನು ಕಟ್ಟುವುದು ಬಹುಮಟ್ಟಿಗೆ ಒಂದೇ ಗಂಟಿನಿಂದ. ಕನ್ನಡದ ಮಗು ಮರಾಠಿಯನ್ನು ಅಷ್ಟು ಬೇಗ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಮೇಲಿನ ‘ಕಿ’ಯ ಕತೆ ಬೇರೆ. ಅದು ಫಾರ್ಸಿಯಿಂದ ಬಂದು ಹಿಂದಿ, ಉರ್ದು, ಮರಾಠಿಗಳಲ್ಲಿ ನೆಲೆಯೂರಿದ ಪದ, ಮತ್ತು ತನ್ನ ಜೊತೆಗೆ ಬೇರೆಯೇ ಒಂದು ಕ್ರಮವನ್ನು ತಂದಿತು. ಮೊದಲು ‘ಹೇಳಿದ’, ಆಮೇಲೆ ಹೇಳಿದ್ದು. ಕನ್ನಡದ ವಾಕ್ಯ ಕೊನೆಯವರೆಗೂ ಉಸಿರು ಹಿಡಿದು ಕ್ರಿಯಾಪದಕ್ಕೆ ಕಾಯುತ್ತದೆ. ‘ಕಿ’ ಇರುವ ವಾಕ್ಯ ಕ್ರಿಯೆಯನ್ನು ಮೊದಲೇ ಚೆಲ್ಲಿ, ಉಳಿದದ್ದನ್ನು ಹಿಂದೆ ಎಳೆದುಕೊಂಡು ಬರುತ್ತದೆ. ಮರಾಠಿ ಈಗ ಎರಡನ್ನೂ ಇಟ್ಟುಕೊಂಡಿದೆ. ಕನ್ನಡದ ಹೊಸ ತಲೆಮಾರಿನ ಬಾಯಲ್ಲಿ ‘ಹೇಳಿದ ಕಿ’ ಕೇಳಿದರೆ ಹೆದರಬೇಕಾಗಿಲ್ಲ, ಆದರೆ ‘ಕ್ಯಾನ್ಸಲ್ ಆಗಿದೆ’ ಎಂಬುದಕ್ಕಿಂತ ಅದು ದೊಡ್ಡ ಸುದ್ದಿ ಎಂಬುದು ಗೊತ್ತಿರಬೇಕು.

ಇಂಗ್ಲಿಷ್ ಬೆರೆತ ಕನ್ನಡವನ್ನು ಕೆಟ್ಟ ಅಭ್ಯಾಸವೆಂದು ತಳ್ಳದೆ ಅದಕ್ಕೂ ನಿಯಮಗಳಿವೆ ಎಂದು ಬರೆದವರಲ್ಲಿ ಎಸ್. ಎನ್. ಶ್ರೀಧರ್ ಮೊದಲಿಗರ ಸಾಲಿನವರು. ಅವರೂ ಕಮಲ್ ಶ್ರೀಧರ್ ಅವರೂ 1980ರಲ್ಲಿ ಮುಂದಿಟ್ಟ ವಿಚಾರ ಅತಿಥಿ ಮತ್ತು ಆತಿಥೇಯರದು. ವಾಕ್ಯದ ಮನೆ ಆತಿಥೇಯ ಭಾಷೆಯದು. ಅತಿಥಿ ಒಂಟಿ ಪದವಾಗಿ ಬರಬಹುದು, ಇಡೀ ಪದಪುಂಜವಾಗಿಯೂ ಬರಬಹುದು. ಪುಂಜವಾಗಿ ಬಂದರೆ ಅದರ ಒಳಗಿನ ಕ್ರಮ ಅದರದ್ದೇ; ಆದರೆ ಮನೆಯಲ್ಲಿ ಎಲ್ಲಿ ಕೂರಬೇಕೆಂದು ಹೇಳುವುದು ಆತಿಥೇಯ. ‘ಫಾಸ್ಟ್ ಲೋಕಲ್’ ಎಂಬ ಕಂತೆ ಅಖಂಡವಾಗಿ ಬಂತು, ಕನ್ನಡದಲ್ಲಿ ಕರ್ತೃ ಕೂರುವ ಜಾಗದಲ್ಲಿ ಕೂತಿತು, ಕನ್ನಡದ ‘ಆಗಿದೆ’ಗೆ ತಲೆಬಾಗಿತು. ‘ಫಾಸ್ಟ್ ಲೋಕಲ್‌ನಲ್ಲಿ’ ಎಂದರೆ ವಿಭಕ್ತಿ ಅಂಟುವುದು ಇಡೀ ಕಂತೆಯ ಕೊನೆಗೆ. ಪದಪುಂಜ ಎಂಬುದು ವ್ಯಾಕರಣಕಾರರ ಕಲ್ಪನೆಯಲ್ಲ, ಮಾತಾಡುವವರ ತಲೆಯಲ್ಲಿರುವ ನಿಜವಾದ ವಸ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಿಂದ ಬಿಡಿಸಬೇಕೆಂದು ಡಿ. ಎನ್. ಶಂಕರ ಭಟ್ಟರು ದಶಕಗಳ ಕಾಲ ವಾದಿಸಿದ್ದಕ್ಕೂ ಇದಕ್ಕೂ ನಂಟಿದೆ. ಅವರ ಕನ್ನಡದ ಕಾಗುಣಿತ ಸುಧಾರಣೆ ಎಬ್ಬಿಸಿದ ಗಲಾಟೆಯಲ್ಲಿ ವಾಕ್ಯದ ಬಗ್ಗೆ ಅವರು ಹೇಳಿದ್ದು ಮರೆಯಾದದ್ದು ದುರದೃಷ್ಟ.

ಈ ಇತಿಹಾಸದಲ್ಲಿ ಮುಂಬಯಿಗೆ ಸೇರಿದ ಇನ್ನೊಂದು ಪುಟವಿದೆ, ಅದು ಕೊಂಕಣಿಯದು. ಕರಾವಳಿಯ ಸಾರಸ್ವತರು ಶತಮಾನಗಳಿಂದ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಆಡಿದವರು. ಎಂ. ವಿ. ನಾಡಕರ್ಣಿ 1975ರಲ್ಲಿ ‘ಲ್ಯಾಂಗ್ವೇಜ್’ ಎಂಬ ಪತ್ರಿಕೆಯಲ್ಲಿ ಅವರ ಕೊಂಕಣಿಯ ಬಗ್ಗೆ ಬರೆದರು. ‘ಯಾವ ಹುಡುಗ ಕೆರೆಯ ಹತ್ತಿರ ನಿಂತಿದ್ದಾನೋ ಅವನು ನನ್ನ ತಮ್ಮ’ ಎಂಬಂಥ ವಾಕ್ಯ ಕನ್ನಡದ್ದು: ಪ್ರಶ್ನೆಯ ‘ಯಾವ’ ಮೊದಲಿಗೆ, ಸಂದೇಹದ ‘ಓ’ ಕೊನೆಗೆ. ಕೊಂಕಣಿಯ ಅಕ್ಕತಂಗಿಯರಾದ ಮರಾಠಿ, ಹಿಂದಿಗಳಲ್ಲಿ ಇದಕ್ಕೆಂದೇ ‘ಜೋ’ ಎಂಬ ಬೇರೆ ಸರ್ವನಾಮವಿದೆ, ಅದು ಪ್ರಶ್ನೆಯ ಪದವಲ್ಲ. ಸಾರಸ್ವತರ ಆಡುಮಾತಿನ ಕೊಂಕಣಿ ಆ ಪದವನ್ನು ಬದಿಗಿಟ್ಟು, ‘ಯಾವ’ ಎಂಬರ್ಥದ ತನ್ನದೇ ‘ಖಂಚೊ’ವನ್ನು ಮೊದಲಿಗೆ ತಂದಿತು, ‘ಓ’ದ ಜಾಗದಲ್ಲಿ ತನ್ನದೇ ಪ್ರಶ್ನೆಯ ‘ಕೀ’ಯನ್ನು ಕೊನೆಗಿಟ್ಟಿತು. ಕನ್ನಡದಿಂದ ಒಂದು ಪದವನ್ನೂ ಸಾಲ ಪಡೆಯಲಿಲ್ಲ. ಪಡೆದದ್ದು ಕಟ್ಟನ್ನು ಮಾತ್ರ. ಇಂಥ ಬದಲಾವಣೆಗೆ ಯಾರ ಒತ್ತಾಯವೂ ಬೇಡ, ಇಡೀ ಸಮುದಾಯ ತಲೆತಲಾಂತರ ಎರಡು ಭಾಷೆಗಳಲ್ಲಿ ಬದುಕಿದರೆ ಸಾಕು ಎಂಬುದು ನಾಡಕರ್ಣಿಯವರ ತೀರ್ಮಾನ.

ಆ ಸಮುದಾಯದವರೇ 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿದರು. ಆಮೇಲಿನ ತಲೆಮಾರುಗಳು ನಗರದ ಜೊತೆಗೇ ಉತ್ತರಕ್ಕೆ, ಉಪನಗರಗಳಿಗೆ ಸರಿದವು. ಮುಂಬಯಿಯಲ್ಲೇ ಹುಟ್ಟಿ, ಮರಾಠಿ ಇಲ್ಲವೇ ಇಂಗ್ಲಿಷ್ ಶಾಲೆಗೆ ಹೋಗಿ, ಕನ್ನಡದ ಅಕ್ಷರವನ್ನೇ ಕಲಿಯದವರೂ ಮನೆಯಲ್ಲಿ ಆ ಕೊಂಕಣಿ ಆಡುವವರೆಗೆ ‘ಖಂಚೊ’ ಎಂದು ಶುರುಮಾಡಿ ‘ಕೀ’ ಎಂದು ಮುಗಿಸುತ್ತಾರೆ. ಅವರ ಅಜ್ಜಂದಿರು ಹೊನ್ನಾವರ, ಕುಮಟೆ, ಮಂಗಳೂರುಗಳ ಪೇಟೆಯಲ್ಲಿ ಕನ್ನಡ ಆಡಿ ಕಟ್ಟಿಕೊಂಡು ಬಂದ ಗಂಟು ಅದು.